ಅಪ್‌ಡೇಟ್: ಹಳೇ ಹುಲ್ಲುಗಾವಲಿಗೆ ನೋ-ಟಿಲ್ ಡ್ರಿಲ್ ಹೊಡೆಸಿದ್ವಿ

ಹೋದ್ಸಲ ಕೇಳಿದ್ನಲ್ಲ, ತೆಳ್ಳಗಾಗಿರೋ ಹುಲ್ಲುಗಾವಲನ್ನ ಉಳುಮೆ ಮಾಡ್ದೇನೇ ಸರಿ ಮಾಡ್ಬಹುದಾ, ಅಕ್ಕಪಕ್ಕದೋರೆಲ್ಲ ಸೇರಿ ಒಂದೇ ನೋ-ಟಿಲ್ ಡ್ರಿಲ್ (ಉಳುಮೆ ಇಲ್ದೇ ನೆಲ ಸೀಳಿ ಬೀಜ ಬಿತ್ತೋ ಮಷಿನ್) ಬಳಸಿದ್ರೆ ನಡಿಯತ್ತಾ ಅಂತ. ನಡೀತು! ಕ್ಲೋವರ್ (ದನ ಮೇಯೋ ದ್ವಿದಳ ಮೇವಿನ ಗಿಡ), ಹೊಸ ಹುಲ್ಲು ಎರಡೂ ಸಾಲುಸಾಲಾಗಿ ಎದ್ದಿವೆ, ನೋಡೋಕೇ ಖುಷಿ.

ನೀವು ಹೇಳಿದ್ರಲ್ಲಿ ತುಂಬ ಕೆಲ್ಸಕ್ಕೆ ಬಂದಿದ್ದು ಆಳದ ವಿಷ್ಯ. ಬೀಜ ತೀರಾ ಸಣ್ಣದು, ಕಾಲು ಇಂಚಿಂದ ಅರ್ಧ ಇಂಚು ಆಳ ಸಾಕು, ಅದಕ್ಕಿಂತ ಕೆಳಗೆ ಹೋದ್ರೆ ಮೇಲೆ ಬರೋಕೆ ಕಷ್ಟ, ಅದಕ್ಕೇ ಸ್ವಲ್ಪ ದೂರ ಓಡಿಸೋದು, ಇಳಿದು ಮಣ್ಣು ಕೆದಕಿ ನೋಡೋದು, ಮತ್ತೆ ಅಡ್ಜಸ್ಟ್ ಮಾಡೋದು, ನೆಲ ಗಟ್ಟಿ ಇರೋ ಕಡೆ ಒಂಥರ ಮೆತ್ತಗಿರೋ ಕಡೆ ಇನ್ನೊಂಥರ ಇಳಿಯತ್ತೆ, ಹಾಗಾಗಿ ಹೊಲ ಬದಲಾದಾಗೆಲ್ಲ ಚೆಕ್ ಮಾಡ್ಲೇಬೇಕು. ಮೊದ್ಲೇ ದನ ಬಿಟ್ಟು ಗಿಡ್ಡಕ್ಕೆ ಮೇಯ್ಸಿದ್ವಿ, ಇಲ್ದಿದ್ರೆ ಹಳೇ ಹುಲ್ಲಿನ ನೆರಳಲ್ಲಿ ಸಸಿ ಸೊರಗತ್ತೆ. ಬಿತ್ತೋವಾಗ ಯೂರಿಯಾ ಹಾಕ್ಲಿಲ್ಲ, ಅದು ಹಳೇ ಹುಲ್ಲಿಗೇ ಬಲ ಕೊಡತ್ತೆ.

ಹಂಚ್ಕೊಳ್ಳೋ ಮಷಿನ್ ಅಂದ್ರೆ ಕ್ಲೀನಿಂಗ್ ಬಹಳ ಮುಖ್ಯ, ಹಿಂದಿನೋರ ಕಳೆ ಬೀಜ ಡಬ್ಬಿಯಲ್ಲಿ ಉಳಿದ್ರೆ ಸೀದಾ ನಮ್ಮ ಹೊಲಕ್ಕೇ ಬೀಳತ್ತೆ. ಮಣ್ಣು ಹದ ಬಂದಾಗ ಎಲ್ರಿಗೂ ಒಟ್ಟಿಗೇ ಬೇಕು, ದಯವಿಟ್ಟು ಸರದಿ ಮೊದ್ಲೇ ಬರ್ದಿಟ್ಕೊಳ್ಳಿ. ಒಣಹುಲ್ಲಿನ ಹೊಲ ಮುಂದಿನ ಸೀಸನ್‌ಗೆ ಬಿಟ್ಟಿದೀವಿ, ಅಲ್ಲಿ ಮಣ್ಣು ಹುಳಿ ಇದೆ, ಮೊದ್ಲು ಸುಣ್ಣ ಹಾಕ್ಬೇಕು.