ಝಡ್‌ಪಿಜಿ ಅಂದ್ರೆ ಏನು?

ಬೇಲೂರಿನವ: ದೊಡ್ಡಪ್ಪನ ಟ್ರಂಕಿನಲ್ಲಿ ಹಳೇ ಅಮೆರಿಕದ ಪತ್ರಿಕೆ ಸಿಕ್ಕಿತು, ಜನಸಂಖ್ಯೆ ಬಗ್ಗೆ ಬರೆದಿರುವ ಪುಟದ ತುಂಬಾ ಝಡ್‌ಪಿಜಿ ಅಂತ ಇದೆ. ಹಾಸನದಲ್ಲಿ ಝಡ್‌ಪಿ ಅಂದ್ರೆ ಜಿಲ್ಲಾ ಪಂಚಾಯಿತಿ, ಇದು ಅದಂತೂ ಅಲ್ಲ. ಯಾರಿಗಾದ್ರೂ ಗೊತ್ತಾ?

ಕಾಫಿತೋಟ: ಝೀರೋ ಪಾಪ್ಯುಲೇಷನ್ ಗ್ರೋತ್. ಜನಸಂಖ್ಯೆ ಏರದೆ ಇಳಿಯದೆ ಇದ್ದಷ್ಟೇ ನಿಲ್ಲುವುದು. ಅದೇ ಹೆಸರಿನ ಸಂಘಟನೆಯೂ ಅಲ್ಲಿತ್ತು. 1968ರಲ್ಲಿ ಜೀವವಿಜ್ಞಾನಿ ಪಾಲ್ ಎರ್ಲಿಕ್ ಮತ್ತಿತರರು ಶುರು ಮಾಡಿದ್ದು, 2002ರಲ್ಲಿ ಪಾಪ್ಯುಲೇಷನ್ ಕನೆಕ್ಷನ್ ಅಂತ ಹೆಸರು ಬದಲಾಯಿಸಿಕೊಂಡಿತು.

ಬೇಲೂರಿನವ: ಥ್ಯಾಂಕ್ಸ್ ಸರ್. ಹಾಗಾದ್ರೆ ಮನೆಗೆ ಎರಡೇ ಮಕ್ಕಳಾದ್ರೆ ಬೆಳೆಯೋದು ನಿಂತುಹೋಗುತ್ತಾ?

ಚಿಕ್ಕಮಗಳೂರು ಮೇಷ್ಟ್ರು: ತಕ್ಷಣ ಇಲ್ಲ. ಜನಸಂಖ್ಯೆ ಇದ್ದಷ್ಟೇ ನಿಲ್ಲೋಕೆ ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳು ಅಂತ ಲೆಕ್ಕ. ದೊಡ್ಡವರಾಗುವ ಮುಂಚೆಯೇ ತೀರಿಕೊಳ್ಳುವ ಮಕ್ಕಳೂ ಇರುತ್ತಾರಲ್ವಾ, ಅದಕ್ಕೇ ಆ ಚೂರು ಜಾಸ್ತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ್ದು 2.0, ಕರ್ನಾಟಕದ್ದು 1.7. ಆದ್ರೂ ದೇಶದ ಜನಸಂಖ್ಯೆ ಏರುತ್ತಲೇ ಇದೆ, ಯಾಕಂದ್ರೆ ಮಕ್ಕಳಾಗುವ ವಯಸ್ಸಿನವರೇ ಈಗ ತುಂಬಾ ಇದ್ದಾರೆ.

ಕಾಫಿತೋಟ: ಏರುತ್ತಾ? ಮೂಡಿಗೆರೆ ಕಡೆ ಬನ್ನಿ ಮೇಷ್ಟ್ರೇ. ಹಣ್ಣು ಕೊಯ್ಯೋಕೆ ಆಳು ಅಸ್ಸಾಂನಿಂದ ಬರಬೇಕು, ತೋಟದ ಮನೆಯಲ್ಲಿ ಇಬ್ಬರು ಮುದುಕರು, ಒಂದು ನಾಯಿ, ಮಕ್ಕಳೆಲ್ಲ ಬೆಂಗಳೂರು.

ಚಿಕ್ಕಮಗಳೂರು ಮೇಷ್ಟ್ರು: ಅದು ವಲಸೆ, ಅದರ ಲೆಕ್ಕವೇ ಬೇರೆ ಸ್ವಾಮಿ. ಸುಮ್ನೆ ಎರಡನ್ನೂ ಕಲಸಬೇಡಿ.