ಬೆಳ್ಳಿ ತುಂಬಿದ 4ಎ ಜಿಯೋಲೈಟ್ ಬೆಳಗುತ್ತಿಲ್ಲ, ಮೂರನೆಯ ಬ್ಯಾಚೂ ವ್ಯರ್ಥ

ಬೆಳ್ಳಿಪುಡಿ:
ಎಲ್ಲರಿಗೂ ನಮಸ್ಕಾರ. ಸೋಡಿಯಂ 4ಎ ಜಿಯೋಲೈಟನ್ನು (ಒಳಗೆ ಪಂಜರದಂಥ ಸಣ್ಣ ಪೊಳ್ಳುಗಳಿರುವ ಖನಿಜದ ಪುಡಿಯನ್ನು) ಬೆಳ್ಳಿ ನೈಟ್ರೇಟ್ ದ್ರಾವಣದಲ್ಲಿ ಕತ್ತಲೆಯಲ್ಲಿ ರಾತ್ರಿಯಿಡೀ ಕಲಕಿ, ಸೋಸಿ, ತೊಳೆದು, 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದ್ದೇನೆ. ಕಳೆದ ವರ್ಷ ಇದೇ ವಿಧಾನದಲ್ಲಿ ತಯಾರಿಸಿದ ಪುಡಿ 365 ನ್ಯಾನೊಮೀಟರ್ ಟಾರ್ಚಿನ ಕೆಳಗೆ ಹಚ್ಚಹಸಿರಾಗಿ ಬೆಳಗುತ್ತಿತ್ತು. ಈ ಬಾರಿಯ ಮೂರು ಬ್ಯಾಚ್‌ಗಳೂ ಬೂದಿಯಂತೆ ಸುಮ್ಮನಿವೆ. ವಿಧಾನದಲ್ಲಿ ನಾನು ಏನನ್ನೂ ಬದಲಿಸಿಲ್ಲ. 260 ನ್ಯಾನೊಮೀಟರ್ ಬೆಳಕಿನಿಂದ ಪ್ರಚೋದಿಸಿದಾಗ 520ರಲ್ಲಿ ಒಂದು ಚೂಪಾದ ಶಿಖರ ಬರುವುದರಿಂದ ಬೆಳ್ಳಿಯ ಕೆಲವೇ ಪರಮಾಣುಗಳ ಗುಂಪುಗಳಾದ ಕ್ಲಸ್ಟರ್‌ಗಳು ಇವೆ, ಆದರೆ ಮಂಕಾಗಿವೆ ಎಂದು ಭಾವಿಸಿದ್ದೇನೆ. ದಯವಿಟ್ಟು ‘ಮತ್ತೆ ಮೊದಲಿನಿಂದ ಮಾಡಿ’ ಎಂದು ಮಾತ್ರ ಹೇಳಬೇಡಿ.

ಸೋಸುಕಾಗದ:
ಇದು ಕ್ಲೋರೈಡ್‌ನ ಕೆಲಸ. ತೊಳೆದ ನೀರಿನಲ್ಲಿ ಲೇಶಮಾತ್ರ ಕ್ಲೋರೈಡ್ ಇದ್ದರೂ ಬೆಳ್ಳಿಯು ಜಿಯೋಲೈಟಿನ ಪಂಜರದೊಳಗೆ ಉಳಿಯದೆ ಹೊರಗೆ ಬೆಳ್ಳಿ ಕ್ಲೋರೈಡ್ ಆಗಿ ಕೂರುತ್ತದೆ. ಪುಡಿಯನ್ನು ಕಿಟಕಿಯ ಬಳಿ ಇಟ್ಟು ನೋಡಿ, ನೇರಳೆ ಛಾಯೆ ಬಂದರೆ ನನ್ನ ಮಾತು ನಿಜವೆಂದು ತಿಳಿಯಿರಿ.

ಬೆಳ್ಳಿಪುಡಿ:
ನೀರು ಶುದ್ಧೀಕರಣ ಯಂತ್ರದ್ದು, 18 ಮೆಗಾಓಮ್, ಅಂದರೆ ಲವಣ ಬಹುತೇಕ ಇಲ್ಲದಷ್ಟು ಶುದ್ಧ. ಎಕ್ಸ್‌ರೇ ವಿವರ್ತನೆಯಲ್ಲಿ ಬೆಳ್ಳಿ ಕ್ಲೋರೈಡಿನ ಶಿಖರಗಳು ಬರಬೇಕಾದ 27.8 ಮತ್ತು 32.2 ಡಿಗ್ರಿಗಳಲ್ಲಿ ಏನೂ ಇಲ್ಲ.

ಸೋಸುಕಾಗದ:
ವಿವರ್ತನೆಯಲ್ಲಿ ಕಾಣಿಸದಷ್ಟು ಸಣ್ಣ ಪ್ರಮಾಣವೂ ಇರಬಹುದು. ಗಾಜಿನ ಪಾತ್ರೆಯನ್ನು ಮೊದಲು ಯಾವುದರಿಂದ ತೊಳೆದಿರಿ? ನಮ್ಮಲ್ಲಿ ಒಮ್ಮೆ ಹೈಡ್ರೊಕ್ಲೋರಿಕ್ ಆಮ್ಲದಿಂದ ತೊಳೆದ ಬೀಕರ್ ಒಂದೇ ಇಡೀ ತಿಂಗಳ ಕೆಲಸವನ್ನು ಕೆಡಿಸಿತ್ತು.

ರೋಹಿತದರ್ಶಿ:
ಕ್ಲೋರೈಡನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಬೆಳ್ಳಿಪುಡಿಯವರೇ, ಎಷ್ಟು ಸೋಡಿಯಂ ಅನ್ನು ಬೆಳ್ಳಿಯಿಂದ ಬದಲಿಸಿದ್ದೀರಿ ಎಂಬುದನ್ನೂ ಈಗ ಪುಡಿಯ ಬಣ್ಣ ಯಾವುದೆಂಬುದನ್ನೂ ನೀವು ಬರೆದೇ ಇಲ್ಲ. 4ಎ ಜಿಯೋಲೈಟಿನ ಒಂದು ಘಟಕದಲ್ಲಿ 12 ಸೋಡಿಯಂ ಇರುತ್ತವೆ. ಒಂದನ್ನು ಬದಲಿಸಿದ ಪುಡಿಯೂ ಹನ್ನೆರಡನ್ನೂ ಬದಲಿಸಿದ ಪುಡಿಯೂ ಬೇರೆ ಬೇರೆ ವಸ್ತುಗಳೇ. ಪ್ರತಿಫಲನ ರೋಹಿತವಿದ್ದರೆ ಅದನ್ನೂ ಹಾಕಿ.

ಬೆಳ್ಳಿಪುಡಿ:
ಘಟಕಕ್ಕೆ ಸುಮಾರು 3 ಬೆಳ್ಳಿ. ಬಣ್ಣ ಕೇಸರಿ. ಕುಬೆಲ್ಕಾ–ಮಂಕ್ ರೇಖೆಯಲ್ಲಿ (ಪ್ರತಿಫಲನದಿಂದ ಲೆಕ್ಕಹಾಕಿದ ಬೆಳಕಿನ ಹೀರಿಕೆ) 300 ನ್ಯಾನೊಮೀಟರಿನ ಸುತ್ತ ಒಂದು ಉಬ್ಬು ಇದೆ, 410ರ ಬಳಿ ಇನ್ನೊಂದು ಸಣ್ಣ ಉಬ್ಬು ಇದೆ.

ಪೆಟ್ರಾ ಪಯಣಿಗ:
ಪ್ರತಿಫಲನ ರೋಹಿತವನ್ನು ನಂಬಿ ಕೂತರೆ ವರ್ಷ ಕಳೆಯುತ್ತದೆ. ನಾನು ಹ್ಯಾಂಬರ್ಗಿನ ಸಿಂಕ್ರೊಟ್ರಾನ್ ಎಕ್ಸ್‌ರೇ ಕೇಂದ್ರದಲ್ಲಿ ಬೆಳ್ಳಿಯ ಕೆ ಅಂಚನ್ನು, ಅಂದರೆ ಬೆಳ್ಳಿಯು ಎಕ್ಸ್‌ರೇಯನ್ನು ಥಟ್ಟನೆ ಹೆಚ್ಚು ಹೀರತೊಡಗುವ 25.5 ಕಿಲೋ ಎಲೆಕ್ಟ್ರಾನ್ ವೋಲ್ಟನ್ನು, ಒಂದೇ ಪಾಳಿಯಲ್ಲಿ ಅಳೆದಿದ್ದೇನೆ. ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನ ಎಕ್ಸ್‌ರೇ ಸಾಲಿನ ವ್ಯಾಪ್ತಿಯು 25ರ ಆಸುಪಾಸಿನಲ್ಲೇ ಮುಗಿಯುವುದರಿಂದ ಅಲ್ಲಿ ಈ ಕೆಲಸ ಕಷ್ಟ. ನನ್ನ ಮಾದರಿಯಲ್ಲಿ ಬೆಳ್ಳಿ–ಬೆಳ್ಳಿ ಅಂತರವು ಲೋಹದ 2.89 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆಯೆಂದು ಕಣ್ಣಾರೆ ಕಂಡಿತು.

ರೋಹಿತದರ್ಶಿ:
ಅಭಿನಂದನೆಗಳು. ಆದರೆ ಆ ಅಳತೆ ಪುಡಿಯಲ್ಲಿರುವ ಎಲ್ಲ ಬೆಳ್ಳಿಯ ಸರಾಸರಿ. ಬೆಳಗುವ ಕ್ಲಸ್ಟರ್‌ಗಳು ಅದರಲ್ಲಿ ಒಂದು ಸಣ್ಣ ಪಾಲು ಮಾತ್ರವಾಗಿರಬಹುದು. ಬೆಲ್ಜಿಯಂನ ಲ್ಯೂವೆನ್‌ನ ತಂಡವು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ ಮೀರುವ ದಾರಿ: ಎಕ್ಸ್‌ರೇ ಹೀರಿಕೊಂಡು ಹೊರಬರುವ ಗೋಚರ ಬೆಳಕನ್ನೇ ಅಳೆದುದರಿಂದ, ಬೆಳಗುವ ಕ್ಲಸ್ಟರ್‌ಗಳ ಸುತ್ತಲಿನ ಪರಮಾಣುಗಳ ಜೋಡಣೆಯಷ್ಟೇ ಅವರಿಗೆ ಪ್ರತ್ಯೇಕವಾಗಿ ಸಿಕ್ಕಿತು. ಸೋಡಲೈಟ್ ಪಂಜರದ (ಈ ಜಿಯೋಲೈಟಿನೊಳಗಿನ ಸಣ್ಣ ಪಂಜರದ) ನಡುವೆ ನಾಲ್ಕು ಬೆಳ್ಳಿಯ ಚತುರ್ಮುಖಿ, ಧನ 2 ಆವೇಶ, ಜೊತೆಗೆ ಎರಡು ಅಥವಾ ನಾಲ್ಕು ನೀರಿನ ಅಣು. ಗಮನಿಸಿ, ನೀರು ಅಲ್ಲಿ ಕಸವಲ್ಲ. ಹಸಿರು ಬೆಳಕು ಹುಟ್ಟುವ ಎಲೆಕ್ಟ್ರಾನ್ ಕಕ್ಷಕಗಳಲ್ಲಿ ಆ ನೀರಿನ ಆಕ್ಸಿಜನ್ನಿಗೂ ಪಾಲಿದೆ. ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ: ಕಾಯಿಸಿದ ಮೇಲೆ ಪುಡಿಯನ್ನು ಎಲ್ಲಿ ಇಟ್ಟಿರಿ?

ಬೆಳ್ಳಿಪುಡಿ:
ನಮಗೆ ಈ ವರ್ಷ ಹೊಸ ಗ್ಲವ್ ಬಾಕ್ಸ್ (ತೇವ ಒಳಬಾರದ ಮುಚ್ಚಿದ ಪೆಟ್ಟಿಗೆ) ಬಂದಿದೆ. ಬಿಸಿಯಿರುವಾಗಲೇ ನಿರ್ವಾತದಲ್ಲಿ ಮುಚ್ಚಿ, ಅದರೊಳಗೆ ಕ್ವಾರ್ಟ್ಸ್ ಕೊಳವೆಗೆ ತುಂಬಿ ಸೀಲ್ ಮಾಡುತ್ತಿದ್ದೇನೆ. ತೇವ ತಗುಲದಿದ್ದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡು ಅದನ್ನು ಬರೆಯಲಿಲ್ಲ. ಕಳೆದ ವರ್ಷದ ಪುಡಿ ಮುಚ್ಚಳವಿಲ್ಲದ ಬಟ್ಟಲಿನಲ್ಲಿ ಮೇಜಿನ ಮೇಲೆಯೇ ತಣಿದಿತ್ತು.

ರೋಹಿತದರ್ಶಿ:
ಹಾಗಾದರೆ ‘ಏನನ್ನೂ ಬದಲಿಸಿಲ್ಲ’ ಎಂಬ ಮಾತನ್ನು ಹಿಂಪಡೆಯಿರಿ. ಬೆಳ್ಳಿಯ ಎ ಜಿಯೋಲೈಟ್ ಒಣಗಿದಾಗ ಹಳದಿಯಿಂದ ಇಟ್ಟಿಗೆಗೆಂಪಿನವರೆಗೆ ತಿರುಗಿ, ತೇವ ಹೀರಿದಾಗ ಮತ್ತೆ ಬಿಳಿಚುವುದು ದಶಕಗಳಿಂದ ತಿಳಿದಿರುವ ಸಂಗತಿ. ನಿಮ್ಮ ಕೇಸರಿಯೂ ಅದೇ. ಇನ್ನು ಆ 520ರ ಶಿಖರ: 260ರ ಸರಿಯಾಗಿ ಎರಡರಷ್ಟು. ಪ್ರಚೋದನೆಯನ್ನು 270ಕ್ಕೆ ಸರಿಸಿ. ಶಿಖರವೂ 540ಕ್ಕೆ ಸರಿದರೆ ಅದು ಪುಡಿಯದ್ದಲ್ಲ, ಗ್ರೇಟಿಂಗಿನ (ಉಪಕರಣದಲ್ಲಿ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಭಾಗದ) ಎರಡನೆಯ ಕ್ರಮದ ಚದುರಿದ ಬೆಳಕು, ಅಂದರೆ ದೀಪದ ಬೆಳಕೇ ಎರಡರಷ್ಟು ತರಂಗಾಂತರದಲ್ಲಿ ಕಾಣಿಸಿಕೊಂಡಿದ್ದು. ಹೊರಸೂಸುವ ಬದಿಗೆ ಉದ್ದ ತರಂಗಗಳನ್ನಷ್ಟೇ ಬಿಡುವ ಫಿಲ್ಟರ್ ಹಾಕದೆ ಆ ಅಳತೆಯನ್ನು ಯಾರಿಗೂ ತೋರಿಸಬೇಡಿ.

ಸೋಸುಕಾಗದ:
ಬೀಕರ್ ಬಗ್ಗೆ ಇನ್ನೂ ಉತ್ತರ ಬಂದಿಲ್ಲ.

ಪೆಟ್ರಾ ಪಯಣಿಗ:
ಎಕ್ಸ್‌ರೇ ಕಿರಣವೇ ಬೆಳ್ಳಿಯನ್ನು ಅಪಕರ್ಷಿಸಬಲ್ಲದು (ಎಲೆಕ್ಟ್ರಾನ್ ಸೇರಿಸಿ ಬದಲಿಸಬಲ್ಲದು) ಎಂಬುದನ್ನೂ ಇಲ್ಲಿ ಹೇಳಬೇಕು. ನಾವು ಪ್ರತಿ ಸ್ಕ್ಯಾನಿಗೂ ಮಾದರಿಯ ಹೊಸ ಜಾಗಕ್ಕೆ ಸರಿಯುತ್ತಿದ್ದೆವು.

ಬೆಳ್ಳಿಪುಡಿ:
270ಕ್ಕೆ ಸರಿಸಿದೆ, ಶಿಖರ 540ರಲ್ಲಿ ನಿಂತಿದೆ. ಮೂರು ವಾರ ನಾನು ದೀಪದ ಬೆಳಕನ್ನೇ ಅಳೆಯುತ್ತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಎರಡು ಕೊಳವೆಗಳನ್ನು ಒಡೆದು, ಪುಡಿಯನ್ನು ಬಟ್ಟಲಿನಲ್ಲಿ ಹರಡಿ ರಾತ್ರಿಯಿಡೀ ಗಾಳಿಗೆ ಬಿಟ್ಟೆ. ಮೊದಲನೆಯ ಬ್ಯಾಚ್ ಬಿಳಿಚಿಕೊಂಡು, ಬೆಳಿಗ್ಗೆ ಟಾರ್ಚಿನ ಕೆಳಗೆ ಹಸಿರಾಗಿ ಬೆಳಗಿತು. ಕಳೆದ ವರ್ಷದಷ್ಟು ಪ್ರಕಾಶವಿಲ್ಲ, ಆದರೆ ಸಂಶಯಕ್ಕೆ ಎಡೆಯಿಲ್ಲ. ಎರಡನೆಯ ಬ್ಯಾಚ್ ಮಾತ್ರ ಹಳದಿಯಾಗಿಯೇ ಉಳಿದಿದೆ, ಬೆಳಗುತ್ತಲೂ ಇಲ್ಲ. 410ರ ಉಬ್ಬು ಅದರಲ್ಲೇ ದೊಡ್ಡದು.

ರೋಹಿತದರ್ಶಿ:
400ರ ಆಸುಪಾಸಿನ ಆ ಪಟ್ಟಿ ಬೆಳ್ಳಿಯ ನ್ಯಾನೊ ಕಣಗಳ ಪ್ಲಾಸ್ಮಾನ್ (ಲೋಹದ ಎಲೆಕ್ಟ್ರಾನುಗಳು ಒಟ್ಟಾಗಿ ತೂಗುತ್ತ ಬೆಳಕನ್ನು ಹೀರುವುದು) ಆಗಿರುವ ಸಂಭವವೇ ಹೆಚ್ಚು. ಸೋಡಲೈಟ್ ಪಂಜರದ ಒಳವ್ಯಾಸ ಸುಮಾರು 6.6 ಆಂಗ್‌ಸ್ಟ್ರಾಮ್, ಅಷ್ಟು ದೊಡ್ಡ ಕಣ ಅದರಲ್ಲಿ ಹಿಡಿಯುವುದಿಲ್ಲ, ಹರಳಿನ ಹೊರಮೈಯಲ್ಲಿ ಕೂಡಿಕೊಂಡಿರಬೇಕು. ಹೊರಗೆ ಹೋದ ಬೆಳ್ಳಿಯನ್ನು ತೇವ ಒಳಗೆ ತರಲಾರದು. ಆ ಬ್ಯಾಚನ್ನು ಕಾಯಿಸುವಾಗ ಉಷ್ಣತೆಯನ್ನು ನಿಮಿಷಕ್ಕೆ ಎಷ್ಟು ಡಿಗ್ರಿ ಏರಿಸಿದಿರಿ?

ಬೆಳ್ಳಿಪುಡಿ:
ಫರ್ನೇಸಿನಲ್ಲಿ ಏರಿಕೆಯ ವೇಗವನ್ನು ನಾನು ನಮೂದಿಸಿರಲಿಲ್ಲ. ಒಮ್ಮೆಲೇ 450ಕ್ಕೆ ಹಾಕಿದ್ದೆ.

ಸೋಸುಕಾಗದ:
ಎರಡನೆಯ ಬ್ಯಾಚಿನಲ್ಲಿ ಕ್ಲೋರೈಡ್ ಇಲ್ಲವೆಂದು ಯಾರೂ ಇನ್ನೂ ತೋರಿಸಿಲ್ಲ ಎಂಬುದನ್ನು ದಾಖಲೆಗಾಗಿ ಬರೆದಿಡುತ್ತಿದ್ದೇನೆ.