ಸಹಾಯ ಬೇಕು: ಲಿಗೂರಿಯಾ ಕರಾವಳಿಯಲ್ಲಿ ಎಲ್ಲಿ ತಂಗುವುದು?

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಿನಲ್ಲಿ ಅಪ್ಪ ಅಮ್ಮನೊಂದಿಗೆ ಇಟಲಿಯ ಲಿಗೂರಿಯಾ ಕರಾವಳಿಗೆ ಹೋಗಿ, ಅಲ್ಲಿಯ ಊಟವನ್ನೂ ಹಳೆಯ ಊರುಗಳನ್ನೂ ನಿಧಾನವಾಗಿ ಅನುಭವಿಸಬೇಕೆಂದಿದ್ದೇವೆ. ನಾವು ಶುದ್ಧ ಸಸ್ಯಾಹಾರಿಗಳು.

ನಕ್ಷೆ, ರೈಲು ವೇಳಾಪಟ್ಟಿಗಳನ್ನೆಲ್ಲ ತಿರುವಿ ಹಾಕಿದರೂ ತಂಗುವ ಊರು ಮಾತ್ರ ತೀರ್ಮಾನವಾಗುತ್ತಿಲ್ಲ. ಲಿಗೂರಿಯಾದ ರಾಜಧಾನಿ ಜಿನೋವಾದಲ್ಲಿ ಉಳಿದರೆ 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ರೋಲ್ಲಿ ಅರಮನೆಗಳನ್ನು ನಡೆದೇ ನೋಡಬಹುದು. ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕದಡಿ, ಅಗಲವಾದ ತಾಮ್ರದ ತಟ್ಟೆಯಲ್ಲಿ ಸುರಿದು, ಸೌದೆ ಒಲೆಯಲ್ಲಿ ಮೇಲ್ಪದರ ಕೆಂಪಗಾಗುವವರೆಗೆ ಬೇಯಿಸುವ ಫರಿನಾಟಾ ನಮ್ಮಂಥವರಿಗೆ ನಿಶ್ಚಿಂತೆಯ ತಿಂಡಿ. ಆದರೆ ಚಿಂಕ್ವೆ ತೆರ್ರೆ ಎಂಬ ಕಡಲಂಚಿನ ಐದು ಊರುಗಳಿಗೆ ಲಾ ಸ್ಪೆಜಿಯಾ ನಗರವೇ ಹತ್ತಿರ, ಅಲ್ಲಿಂದ ಆ ಊರುಗಳ ಮೂಲಕ ಅವುಗಳಾಚೆಯ ಲೆವಾಂತೊವರೆಗೆ ರೈಲುಗಳೂ ಪದೇ ಪದೇ ಇವೆ. ಅಮ್ಮನಿಗೆ ಮಂಡಿನೋವಿರುವುದರಿಂದ ನಿಲ್ದಾಣದಿಂದ ಸುಮಾರು 380 ಮೆಟ್ಟಿಲು ಹತ್ತಿಸುವ, ಆ ಐದರಲ್ಲೊಂದಾದ ಕೊರ್ನೀಲ್ಯಾವನ್ನು ಹೇಗೂ ಬಿಡುತ್ತೇವೆ.

ಇನ್ನೊಂದು ತೊಡಕೆಂದರೆ ಪೆಸ್ಟೊ, ಅಂದರೆ ಬೇಸಿಲ್ ಎಲೆ ಅರೆದು ಮಾಡುವ ಅಲ್ಲಿಯ ಚಟ್ನಿ. ಅದಕ್ಕೆ ಹಾಕುವ ಪಾರ್ಮಿಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿ ಹೆಪ್ಪುಗಟ್ಟಿಸುತ್ತಾರೆ, ಆದ್ದರಿಂದ ಅಪ್ಪ ಅದನ್ನು ಮುಟ್ಟುವುದಿಲ್ಲ.

ಹಿರಿಯರನ್ನು ಕರೆದುಕೊಂಡು ಅಲ್ಲಿಗೆ ಹೋಗಿಬಂದವರು ದಯವಿಟ್ಟು ತಿಳಿಸಿ: ಪೂರ್ತಿ ಪ್ರವಾಸಕ್ಕೆ ಜಿನೋವಾ ಒಂದರಲ್ಲೇ ತಂಗುವುದು ಸರಿಯೇ, ಅಥವಾ ಕೊನೆಯ ಕೆಲವು ದಿನಗಳಿಗೆ ಲಾ ಸ್ಪೆಜಿಯಾಕ್ಕೆ ಹೋಗುವುದು ಒಳ್ಳೆಯದೇ? ಕೇಳಿಕೊಂಡರೆ ಅಲ್ಲಿಯ ಹೋಟೆಲುಗಳಲ್ಲಿ ಚೀಸ್ ಹಾಕದ ಪೆಸ್ಟೊ ಮಾಡಿಕೊಡುತ್ತಾರೆಯೇ?